ಉದ್ರಿ ಪುಸ್ತಕದಿಂದ ಕಣ್ಗಾವಲಿನವರೆಗೆ

ವ್ಯಾಪಾರವನ್ನು ಕುರಿತು ಸಾಹಿತ್ಯದಲ್ಲಿ ಬಂದಿರುವ ಮಾತುಗಳಲ್ಲಿ ಹೆಚ್ಚಿನವು ವ್ಯಾಪಾರಿಯನ್ನು ಲೋಭಿಯೆಂದು ಹಳಿಯುವಂಥವು, ಇಲ್ಲವೆ ದಾನಶೂರನಾದ ಶ್ರೇಷ್ಠಿಯನ್ನು ಕೊಂಡಾಡುವಂಥವು. ಇವೆರಡರ ನಡುವೆ ಪ್ರತಿದಿನವೂ ನಡೆಯುವ ಸಾಮಾನ್ಯವಾದ ಕೊಳುಕೊಡೆ, ಅಂದರೆ ಅಕ್ಕಿ, ಬೇಳೆ, ಎಣ್ಣೆ, ಸಾಬೂನುಗಳ ಖರೀದಿ, ನೈತಿಕ ವಿಚಾರಕ್ಕೆ ತಕ್ಕ ವಸ್ತುವೆಂದು ಬಗೆದ ಲೇಖಕರು ವಿರಳ. 2022ರಲ್ಲಿ ಸಾಹಿತ್ಯದ ನೊಬೆಲ್ ಪಾರಿತೋಷಕವನ್ನು ಪಡೆದ ಫ್ರೆಂಚ್ ಲೇಖಕಿ ಆನಿ ಎರ್ನೋ ಆ ವಿರಳರಲ್ಲಿ ಒಬ್ಬರು. ಅಗ್ಗದ ದರದ ದೊಡ್ಡ ಅಂಗಡಿಯೊಂದನ್ನೇ ವಸ್ತುವಾಗಿಸಿಕೊಂಡು ಅವರು ಬರೆದ ಕಿರುಹೊತ್ತಗೆ 2014ರಲ್ಲಿ ಫ್ರಾನ್ಸಿನಲ್ಲಿ ಪ್ರಕಟವಾಯಿತು. ಅದರ ಇಂಗ್ಲಿಷ್ ಅನುವಾದ ‘ಲುಕ್ ಅಟ್ ದ ಲೈಟ್ಸ್, ಮೈ ಲವ್’ ಎಂಬ ಹೆಸರಿನಲ್ಲಿ 2023ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಹೊರಬಂದಿದೆ. ಅನುವಾದಕರು ಆಲಿಸನ್ ಎಲ್. ಸ್ಟ್ರೇಯರ್. ಈ ಕೃತಿಯನ್ನು ವರ್ತಕನ ದೃಷ್ಟಿಯಿಂದ ಓದಿದಾಗ ಕಾಣುವ ಗುಣವನ್ನೂ ಕೊರತೆಯನ್ನೂ ವಾಚಕರ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ.

ಕರ್ತೃ ಮತ್ತು ಕೃತಿ

ಎರ್ನೋ ಅವರು 1940ರಲ್ಲಿ ನಾರ್ಮಂಡಿ ಪ್ರಾಂತ್ಯದ ಲಿಲ್‌ಬೊನ್ ಎಂಬ ಊರಿನಲ್ಲಿ ಜನಿಸಿದರು. ಅವರ ತಂದೆತಾಯಿಗಳು ಮೊದಲು ಕಾರ್ಖಾನೆಯ ಕೂಲಿಗಳಾಗಿದ್ದು, ಬಳಿಕ ಕಾರ್ಮಿಕರ ಬಡಾವಣೆಯಲ್ಲಿ ದಿನಸಿ ಅಂಗಡಿಯನ್ನೂ ಅದಕ್ಕೆ ಹೊಂದಿದ ಪಾನಗೃಹವನ್ನೂ ನಡೆಸಿದವರು. ಮಗಳು ಓದಿ ಅಧ್ಯಾಪಕಿಯಾದರು, ಆಮೇಲೆ ಲೇಖಕಿಯಾದರು. ತಂದೆಯ ಬದುಕನ್ನು ಕುರಿತ ‘ಲಾ ಪ್ಲಾಸ್’ ಎಂಬ ಪುಸ್ತಕ 1983ರಲ್ಲಿ ಪ್ರಕಟವಾಗಿ ಮರುವರ್ಷ ಅಲ್ಲಿನ ಪ್ರತಿಷ್ಠಿತ ರೆನೊದೋ ಬಹುಮಾನವನ್ನು ಗಳಿಸಿತು. ಹೀಗೆ ಚಿಲ್ಲರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಬೆಳೆದ ಮಗುವೊಂದು ಮುಪ್ಪಿನಲ್ಲಿ ದೈತ್ಯಾಕಾರದ ಅಂಗಡಿಯೊಳಗೆ ತಳ್ಳುಗಾಡಿ ಹಿಡಿದು ನಡೆದಾಡುತ್ತ ಬರೆದ ದಿನಚರಿ ಇದು ಎಂಬ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಕೃತಿಯ ಬಲವೆಲ್ಲ ಅಲ್ಲಿಂದಲೇ ಬಂದಿದೆ.

ದಿನಚರಿಯ ಅವಧಿ 2012ರ ನವೆಂಬರಿನಿಂದ 2013ರ ಅಕ್ಟೋಬರದವರೆಗೆ. ಸ್ಥಳ ಪ್ಯಾರಿಸ್ಸಿನ ವಾಯವ್ಯಕ್ಕೆ ಸುಮಾರು 30 ಕಿಲೋಮೀಟರ್ ದೂರದ ಸೆರ್ಜಿ ಎಂಬ ಹೊಸ ಪಟ್ಟಣದ ಟ್ರ್ವಾ-ಫೊಂತೇನ್ ಮಳಿಗೆ ಸಮುಚ್ಚಯ. ಅದರೊಳಗಿನ ಓಶಾಂ ಎಂಬ ಹೈಪರ್ ಮಾರ್ಕೆಟ್ಟೇ ದಿನಚರಿಯ ರಂಗಭೂಮಿ. ಆಫ್ರಿಕದಿಂದಲೂ ಅರಬ್ ದೇಶಗಳಿಂದಲೂ ವಲಸೆ ಬಂದ ಕುಟುಂಬಗಳು, ನಿವೃತ್ತರು, ವಿದ್ಯಾರ್ಥಿಗಳು, ಬಿಡುವಿಲ್ಲದ ನೌಕರರು, ಕೆಲಸ ಕಳೆದುಕೊಂಡವರು ಎಲ್ಲರೂ ಒಂದೇ ಸೂರಿನಡಿ ಸೇರುವ ಸ್ಥಳ ಅದು. ದಿನದ ಯಾವ ಹೊತ್ತಿನಲ್ಲಿ ಹೋದರೆ ಯಾವ ಬಗೆಯ ಜನ ಸಿಗುತ್ತಾರೆಂಬುದನ್ನು ಲೇಖಕಿ ಗುರುತಿಸುತ್ತಾರೆ. ಕ್ರಿಸ್‌ಮಸ್ ಸಮೀಪಿಸಿದಾಗ ಆಟಿಕೆಗಳ ಓಣಿಯಲ್ಲಿ ಹುಡುಗರ ಆಟಿಕೆ ಬೇರೆ, ಹುಡುಗಿಯರ ಆಟಿಕೆ ಬೇರೆಯೆಂದು ವಿಂಗಡಿಸಿಟ್ಟಿರುವುದನ್ನು ಕಂಡು ಸಿಡುಕುತ್ತಾರೆ. ಎದುರಿಗೆ ಬಂದ ಹೆಂಗಸು ಕರಿಯಳೆಂದು ಬರೆಯಬೇಕೆ ಬೇಡವೆ ಎಂದು ತಮ್ಮೊಳಗೇ ವಾದಿಸಿಕೊಳ್ಳುತ್ತಾರೆ. ಬರೆದರೆ ಆಕೆಯನ್ನು ಬೇರೆಯಾಗಿಸಿದಂತೆ. ಬರೆಯದಿದ್ದರೆ ಅಲ್ಲಿ ಇರುವವಳನ್ನು ಇಲ್ಲವಾಗಿಸಿದಂತೆ. ಇಂಥ ಸೂಕ್ಷ್ಮತೆ ಕೃತಿಯುದ್ದಕ್ಕೂ ಇದೆ. ಪುಸ್ತಕದ ಹೆಸರು ಬಂದದ್ದು ತಾಯಿಯೊಬ್ಬಳು ಹಬ್ಬದ ದೀಪಾಲಂಕಾರವನ್ನು ತನ್ನ ಕೂಸಿಗೆ ತೋರಿಸುತ್ತ ಆಡಿದ ಮಾತಿನಿಂದ. ಬಡವರ ಮಗುವಿಗೂ ಆ ಬೆಳಕಿನಲ್ಲಿ ಪಾಲುಂಟು. ಆದರೆ ಆ ಬೆಳಕು ಇರುವುದು ಕೊಳ್ಳುವವರನ್ನು ಕರೆಯುವುದಕ್ಕಾಗಿ. ಲೇಖಕಿ ಈ ಎರಡನ್ನೂ ಹೇಳುತ್ತಾರೆ, ಒಂದಕ್ಕಾಗಿ ಮತ್ತೊಂದನ್ನು ಮುಚ್ಚುವುದಿಲ್ಲ.

ಅಂಗಡಿಯ ಹೆಸರಿನಲ್ಲಿರುವ ಬಡಾವಣೆ

ಓಶಾಂ ಎಂಬ ಹೆಸರಿನ ಮೂಲವನ್ನು ತಿಳಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಉತ್ತರ ಫ್ರಾನ್ಸಿನ ರೂಬೇ ನಗರ ಒಂದು ಕಾಲದಲ್ಲಿ ಉಣ್ಣೆ ಮತ್ತು ಬಟ್ಟೆಯ ಗಿರಣಿಗಳಿಗೆ ಪ್ರಸಿದ್ಧವಾಗಿತ್ತು. ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಆ ನಗರ ದೇಶದ ಅತಿ ಬಡ ನಗರಗಳ ಸಾಲಿಗೆ ಸೇರಿತು. ಅಲ್ಲಿನ ಕಾರ್ಮಿಕರ ಬಡಾವಣೆಯೊಂದರ ಹೆಸರು ಓ-ಶಾಂ, ಅಂದರೆ ಎತ್ತರದ ಹೊಲಗಳು. ನೂಲಿನ ವ್ಯಾಪಾರದ ಮನೆತನಕ್ಕೆ ಸೇರಿದ ಜೆರಾರ್ ಮುಲಿಯೆ 1961ರಲ್ಲಿ ಆ ಬಡಾವಣೆಯಲ್ಲಿ, ಕೆಲಸ ನಿಂತ ಒಂದು ಕಾರ್ಖಾನೆಯ ಕಟ್ಟಡದಲ್ಲಿ, ತನ್ನ ಮೊದಲ ಸ್ವಸಹಾಯ ಅಂಗಡಿಯನ್ನು ತೆರೆದನು. ಬಡಾವಣೆಯ ಹೆಸರೇ ಅಕ್ಷರ ಬದಲಿಸಿಕೊಂಡು ಅಂಗಡಿಯ ಹೆಸರಾಯಿತು. ಜನರಿಗೆ ದುಡಿಮೆ ಕೊಡುತ್ತಿದ್ದ ಕಟ್ಟಡವು ಅದೇ ಜನರಿಗೆ ಅಗ್ಗದ ಸರಕನ್ನು ಮಾರುವ ಕಟ್ಟಡವಾಗಿ ಮಾರ್ಪಟ್ಟಿತು. ಇಪ್ಪತ್ತನೆಯ ಶತಮಾನದ ಯುರೋಪಿನ ಆರ್ಥಿಕ ಇತಿಹಾಸದ ದೊಡ್ಡದೊಂದು ತಿರುವು ಆ ಒಂದು ಕಟ್ಟಡದಲ್ಲಿ ಅಡಗಿದೆ.

ಇದು ಫ್ರಾನ್ಸಿನ ಕಥೆ ಮಾತ್ರವಲ್ಲ. ಜರ್ಮನಿಯ ಎಸೆನ್ ನಗರದ ಶೊನೆಬೆಕ್ ಎಂಬ ಗಣಿ ಕಾರ್ಮಿಕರ ಬಡಾವಣೆಯಲ್ಲಿ ಆನ್ನಾ ಆಲ್‌ಬ್ರೆಕ್ಟ್ ಎಂಬ ತಾಯಿ ನಡೆಸುತ್ತಿದ್ದ ಪುಟ್ಟ ದಿನಸಿ ಅಂಗಡಿಯನ್ನು ಎರಡನೆಯ ಮಹಾಯುದ್ಧದ ತರುವಾಯ ಆಕೆಯ ಮಕ್ಕಳಾದ ಕಾರ್ಲ್ ಮತ್ತು ಥಿಯೋ ವಹಿಸಿಕೊಂಡರು. ಅದೇ 1962ರಲ್ಲಿ ‘ಆಲ್ದಿ’ ಎಂಬ ಹೆಸರನ್ನು ತಳೆದು ಜಗತ್ತಿನ ಅಗ್ಗದ ದರದ ಅಂಗಡಿಗಳಿಗೆಲ್ಲ ಮಾದರಿಯಾಯಿತು. ಅವರ ವಿಧಾನವನ್ನು ವರ್ತಕರು ಸುಲಭವಾಗಿ ಗ್ರಹಿಸಬಲ್ಲರು. ಬಗೆಬಗೆಯ ಸರಕಿನ ಬದಲು ಕೆಲವೇ ಸರಕು. ಪ್ರತಿಯೊಂದನ್ನೂ ಅಪಾರ ಪ್ರಮಾಣದಲ್ಲಿ ಖರೀದಿಸುವುದು. ರಟ್ಟಿನ ಪೆಟ್ಟಿಗೆಯನ್ನು ಕತ್ತರಿಸಿ ಅದರಿಂದಲೇ ಮಾರುವುದು. ಅಲಂಕಾರಕ್ಕೆ ಖರ್ಚಿಲ್ಲ, ಜಾಹೀರಾತಿಗೆ ಹೆಚ್ಚು ಖರ್ಚಿಲ್ಲ, ಆಳುಕಾಳು ಮಿತ. ಇದರಲ್ಲಿ ಅಧರ್ಮವೇನೂ ಇಲ್ಲ. ವ್ಯರ್ಥವ್ಯಯವನ್ನು ತಗ್ಗಿಸಿ ಆ ಉಳಿತಾಯವನ್ನು ಗಿರಾಕಿಗೆ ತಲುಪಿಸಿದರೆ ಅದು ವ್ಯಾಪಾರಧರ್ಮವೇ ಸರಿ. ತಿಂಗಳ ಕೊನೆಯ ವಾರದಲ್ಲಿ ಕೈಯಲ್ಲಿರುವ ನಾಣ್ಯಗಳನ್ನು ಎಣಿಸಿ ಮಕ್ಕಳಿಗೆ ಹಾಲನ್ನೂ ರೊಟ್ಟಿಯನ್ನೂ ಒಯ್ಯಬೇಕಾದ ತಾಯಿಗೆ ಇಂಥ ಅಂಗಡಿ ಮಾಡಿರುವ ಉಪಕಾರವನ್ನು ಅಲ್ಲಗಳೆಯುವುದು ಉಂಡವರ ಹಟವಾದೀತು. ಎರ್ನೋ ಅವರ ಕೃತಿಯ ಮೊದಲ ಸದ್ಗುಣವೆಂದರೆ ಅವರು ಈ ಹಟವನ್ನು ಹಿಡಿದಿಲ್ಲ. ಅಂಗಡಿಗೆ ಬರುವ ಜನರನ್ನು ಅವರು ಎಲ್ಲಿಯೂ ಹೀಗಳೆಯುವುದಿಲ್ಲ. ತಾವೂ ಪಟ್ಟಿ ಬರೆದುಕೊಂಡು ಸರತಿಯಲ್ಲಿ ನಿಲ್ಲುತ್ತಾರೆ.

ಫಲಕಗಳು ಆಡುವ ಮಾತು

ಕೃತಿಯ ತಿರುಳು ಇರುವುದು ಗೋಡೆಯ ಫಲಕಗಳನ್ನು ಲೇಖಕಿ ಓದುವ ರೀತಿಯಲ್ಲಿ. ಪತ್ರಿಕೆಗಳ ಓಣಿಯಲ್ಲಿ ಒಂದು ಫಲಕವಿದೆ. ಗಿರಾಕಿಗಳ ಮೇಲಿನ ಗೌರವದಿಂದ ಅಂಗಡಿಯೊಳಗೆ ನಿಯತಕಾಲಿಕೆಗಳನ್ನು ಓದುವುದನ್ನು ನಿಷೇಧಿಸಲಾಗಿದೆ ಎಂಬುದು ಅದರ ತಾತ್ಪರ್ಯ. ಗೌರವದ ಹೆಸರಿನಲ್ಲಿ ನಿಷೇಧ! ಲೇಖಕಿಗೆ ಇದು ಅಸಹ್ಯವಾಗುತ್ತದೆ. ಇನ್ನೂ ಗಂಭೀರವಾದದ್ದು ರಿಯಾಯಿತಿ ದರದ ವಿಭಾಗದಲ್ಲಿದೆ. ಆ ದೊಡ್ಡ ಅಂಗಡಿಯೊಳಗೆ ಅಗ್ಗದ ಸರಕಿಗೆಂದೇ ಒಂದು ಪ್ರತ್ಯೇಕ ಭಾಗವಿದ್ದು, ಕೆಲವು ಪದಾರ್ಥಗಳನ್ನು ಬಿಡಿಯಾಗಿ ಸುರಿದಿಟ್ಟಿದ್ದಾರೆ. ಗಿರಾಕಿ ತಾನೇ ತೆಗೆದುಕೊಂಡು ತಾನೇ ತೂಗಬೇಕು. ಅಲ್ಲಿ ಎಚ್ಚರಿಕೆಯ ಫಲಕ ತೂಗುತ್ತದೆ: ನಿಂತಲ್ಲೇ ತಿನ್ನಕೂಡದು. ಅದೇ ಅಂಗಡಿಯ ಸಾಮಾನ್ಯ ವಿಭಾಗದಲ್ಲಿ, ಹಣ್ಣು ತರಕಾರಿಗಳ ತಕ್ಕಡಿಯ ಮೇಲೆ, ಇಂಥ ಫಲಕವಿಲ್ಲ. ಅಲ್ಲಿಯೂ ಗಿರಾಕಿ ತಾನೇ ತೂಗುತ್ತಾನೆ, ಅಲ್ಲಿಯೂ ಒಂದು ದ್ರಾಕ್ಷಿಯನ್ನು ಬಾಯಿಗೆ ಹಾಕಿಕೊಳ್ಳಬಲ್ಲ. ಆದರೆ ಎಚ್ಚರಿಕೆ ಮಾತ್ರ ಬಡವರು ಬರುವ ಮೂಲೆಗೆ ಮೀಸಲು. ಈ ವ್ಯತ್ಯಾಸವನ್ನು ಲೇಖಕಿ ನಾಲ್ಕು ಸಾಲಿನಲ್ಲಿ ಹೇಳಿ ಮುಂದೆ ಸಾಗುತ್ತಾರೆ. ವಿಮರ್ಶಕ ಅಲ್ಲಿ ನಿಲ್ಲಬೇಕು.

ಬೆಲೆ ಇಳಿದಲ್ಲಿ ಅನುಮಾನ ಏರುತ್ತದೆ. ಇದೇ ಆ ಫಲಕದ ಅರ್ಥ. ಮೂರು ಕಾಸು ಕಡಿಮೆ ಕೊಟ್ಟು ಕೊಳ್ಳುವವನು ಕದಿಯುವ ಸಂಭವವೂ ಹೆಚ್ಚು ಎಂದು ಅಂಗಡಿ ಮುಂಚಿತವಾಗಿಯೇ ತೀರ್ಮಾನಿಸಿದೆ. ಇದು ಒಬ್ಬ ವ್ಯವಸ್ಥಾಪಕನ ದುರ್ಬುದ್ಧಿಯಿಂದ ಹುಟ್ಟಿದ್ದೂ ಅಲ್ಲ. ಅಮೆರಿಕದ ಮೆಂಫಿಸ್ ನಗರದಲ್ಲಿ 1916ರಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ‘ಪಿಗ್ಲಿ ವಿಗ್ಲಿ’ ಎಂಬ ಅಂಗಡಿಯನ್ನು ತೆರೆದು, ಗಿರಾಕಿಯೇ ಬುಟ್ಟಿ ಹಿಡಿದು ಸರಕನ್ನು ಆರಿಸಿಕೊಳ್ಳುವ ಪದ್ಧತಿಯನ್ನು ಆರಂಭಿಸಿದ. ಅಲ್ಲಿಯವರೆಗೆ ಗಿರಾಕಿಗೂ ಸರಕಿಗೂ ನಡುವೆ ಕಟ್ಟೆಯಿತ್ತು, ಕಟ್ಟೆಯ ಹಿಂದೆ ಮನುಷ್ಯನಿದ್ದ. ಕಟ್ಟೆ ಹೋದಾಗ ಆಳಿನ ಸಂಬಳ ಉಳಿಯಿತು, ಬೆಲೆ ಇಳಿಯಿತು. ಜೊತೆಗೆ, ಸರಕು ಎಲ್ಲರ ಕೈಗೆಟುಕಿದ್ದರಿಂದ ಎಲ್ಲರ ಕೈಯನ್ನೂ ಕಾಯಬೇಕಾಯಿತು. ಮನುಷ್ಯನಿದ್ದ ಜಾಗಕ್ಕೆ ಕಾವಲುಗಾರ ಬಂದ, ಬಳಿಕ ಕ್ಯಾಮೆರಾ ಬಂತು. ಸೆರ್ಜಿಯ ಅಂಗಡಿಯಲ್ಲಿ ಗಿರಾಕಿ ತಾನೇ ಸರಕನ್ನು ಯಂತ್ರಕ್ಕೆ ತೋರಿಸಿ ಹಣ ತೆರುವ ಕಟ್ಟೆಗಳೂ ಇವೆ; ಯಂತ್ರದ ಧ್ವನಿ ಅಪ್ಪಣೆ ಕೊಡುತ್ತದೆ, ಮನುಷ್ಯ ಪಾಲಿಸುತ್ತಾನೆ. ಅಂಗಡಿಯ ನೌಕರ ಮಾಡಬೇಕಾದ ಕೆಲಸವನ್ನು ಗಿರಾಕಿ ಸಂಬಳವಿಲ್ಲದೆ ಮಾಡುತ್ತ, ಜೊತೆಗೆ ತಾನು ಕಳ್ಳನಲ್ಲವೆಂದು ಪ್ರತಿ ಹೆಜ್ಜೆಗೂ ರುಜುವಾತು ಪಡಿಸುತ್ತ ಹೋಗಬೇಕಾದ ಸ್ಥಿತಿ ಇದು.

ಉದ್ರಿಯ ದಿಕ್ಕು

ಹಾಗಾದರೆ ಹಳೆಯ ಚಿಲ್ಲರೆ ಅಂಗಡಿಯೇ ಮೇಲಾಗಿತ್ತೇ? ನಮ್ಮವರಲ್ಲಿ ಅನೇಕರು ಕೂಡಲೇ ಹೌದೆಂದಾರು. ಎರ್ನೋ ಹಾಗೆನ್ನುವುದಿಲ್ಲ, ಏಕೆಂದರೆ ಅವರು ಆ ಅಂಗಡಿಯೊಳಗೇ ಬೆಳೆದವರು. ‘ಲಾ ಪ್ಲಾಸ್’ ಓದಿದವರಿಗೆ ತಿಳಿದಿರುವಂತೆ, ಅವರ ತಂದೆಯ ಅಂಗಡಿಗೆ ಬರುತ್ತಿದ್ದ ಕಾರ್ಮಿಕ ಕುಟುಂಬಗಳು ಉದ್ರಿಯಲ್ಲಿ ಕೊಳ್ಳುತ್ತಿದ್ದವು. ಸಂಬಳ ಬಂದಾಗ ಸ್ವಲ್ಪ ತೀರಿಸಿ ಮತ್ತೆ ಬರೆಸುತ್ತಿದ್ದವು. ಅಂಗಡಿಯ ಆದಾಯ ಒಬ್ಬ ಕೂಲಿಯ ಸಂಬಳಕ್ಕಿಂತ ಹೆಚ್ಚಾಗಿರಲಿಲ್ಲವಾಗಿ ತಂದೆ ಹೊರಗಡೆಯೂ ದುಡಿಯಬೇಕಾಯಿತು. ಮುಂದೆ ಪಟ್ಟಣದಲ್ಲಿ ದೊಡ್ಡ ಅಂಗಡಿಗಳು ಬಂದಾಗ ಜನ ಅಲ್ಲಿ ಮುಖ್ಯ ಖರೀದಿ ಮುಗಿಸಿ, ಮರೆತ ಒಂದೆರಡು ಸಾಮಾನಿಗೆ ಮಾತ್ರ ಇವರಲ್ಲಿಗೆ ಬರತೊಡಗಿದರು. ಅವಮಾನ ಎರಡು ಕಡೆಗೂ ಇತ್ತು. ಸಾಲ ಕೇಳುವವನ ತಲೆ ತಗ್ಗುತ್ತಿತ್ತು. ಸಾಲ ಕೊಟ್ಟವನು ಒಂದು ಸೋಲಿನಿಂದ ಮತ್ತೊಂದಕ್ಕೆ ನಡೆಯುತ್ತಿದ್ದ.

‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕ ನಮ್ಮ ಕರ್ನಾಟಕದ ಊರೂರುಗಳ ಅಂಗಡಿಗಳಲ್ಲಿ ಇಂದಿಗೂ ತೂಗುತ್ತದೆ. ಅದರಲ್ಲಿ ಸ್ವಲ್ಪ ತಮಾಷೆಯಿದೆ, ಸ್ವಲ್ಪ ಸಂಕೋಚವಿದೆ, ಮತ್ತು ಅದನ್ನು ನೇತುಹಾಕಿದ ಅಂಗಡಿಯಲ್ಲಿಯೇ ಉದ್ರಿ ಪುಸ್ತಕವೂ ಇರುತ್ತದೆ. ಆ ಪುಸ್ತಕದಲ್ಲಿ ಹೆಸರಿದ್ದವನು ಬೀದಿಯಲ್ಲಿ ಅಂಗಡಿಯವನನ್ನು ಕಂಡರೆ ಪಕ್ಕದ ಓಣಿಗೆ ತಿರುಗುತ್ತಾನೆ. ಅವನ ಮನೆಯಲ್ಲಿ ಈ ತಿಂಗಳು ತುಪ್ಪ ತಂದರೋ ಇಲ್ಲವೋ ಅಂಗಡಿಯವನಿಗೆ ಗೊತ್ತು. ಅವನ ಹೆಂಡತಿಗೆ ಕಾಯಿಲೆ, ಮಗನಿಗೆ ಕೆಲಸವಿಲ್ಲ, ಇವೆಲ್ಲ ಗೊತ್ತು. ಈ ತಿಳಿವಳಿಕೆಯಿಂದ ಕರುಣೆಯೂ ಹುಟ್ಟಬಹುದು, ದರ್ಪವೂ ಹುಟ್ಟಬಹುದು. ಉದ್ರಿ ಕೊಡುವವನು ಬೆಲೆಯಲ್ಲಿ ನಾಲ್ಕು ಕಾಸು ಹೆಚ್ಚು ಹಾಕಿದರೂ, ಹಳೆಯ ಅಕ್ಕಿಯನ್ನೇ ಕಟ್ಟಿಕೊಟ್ಟರೂ ಕೊಳ್ಳುವವನು ಬಾಯಿ ಬಿಡುವಂತಿಲ್ಲ. ದೊಡ್ಡ ಅಂಗಡಿ ಬಡವನಿಗೆ ಕೊಟ್ಟ ಮೊದಲ ವರವೆಂದರೆ ಈ ಕಣ್ಣಿನಿಂದ ಬಿಡುಗಡೆ. ಅಲ್ಲಿ ಅವನಿಗೆ ಹೆಸರಿಲ್ಲ. ಬೆಲೆ ಬರೆದಿದೆ, ಇದ್ದರೆ ಕೊಳ್ಳಬಹುದು, ಇಲ್ಲದಿದ್ದರೆ ಯಾರಿಗೂ ಕಾರಣ ಹೇಳದೆ ಮುಂದೆ ನಡೆಯಬಹುದು.

ಆದರೆ ಈ ಬಿಡುಗಡೆಯ ಜೊತೆಯಲ್ಲಿಯೇ ಒಂದು ನಷ್ಟವೂ ಬಂದಿತು. ಇದನ್ನು ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದೇ ಉತ್ತಮ. ಹಳೆಯ ಅಂಗಡಿಯ ಅಢಾವೆ ಪತ್ರಿಕೆಯಲ್ಲಿ ಆಸ್ತಿಯ ಕಡೆಗೆ ಗಿರಾಕಿಗಳಿಂದ ಬರಬೇಕಾದ ಬಾಕಿ ಇರುತ್ತಿತ್ತು. ಅಂದರೆ ಅಂಗಡಿಯವನು ಬಡವನಿಗೆ ಸಾಲಿಗನಾಗಿದ್ದ. ದೊಡ್ಡ ಅಂಗಡಿಯ ಅಢಾವೆಯಲ್ಲಿ ಗಿರಾಕಿಯ ಬಾಕಿ ಇಲ್ಲವೆನ್ನುವಷ್ಟು ಕಡಿಮೆ. ಹೊಣೆಯ ಕಡೆಗೆ ಸರಕು ಪೂರೈಸಿದವರಿಗೆ ಕೊಡಬೇಕಾದ ಬಾಕಿ ಬೆಟ್ಟದಷ್ಟು. ಸರಕು ಎರಡು ಮೂರು ವಾರದಲ್ಲಿ ಮಾರಿಹೋಗುತ್ತದೆ, ಗಿರಾಕಿಯ ನಗದು ಅಂದೇ ಕೈಸೇರುತ್ತದೆ, ಪೂರೈಕೆದಾರನಿಗೆ ಹಣ ಸಂದಾಯವಾಗುವುದು ಆಮೇಲೆ. ಫ್ರಾನ್ಸಿನಲ್ಲಿ ಈ ವಿಳಂಬ ಎಷ್ಟು ಬೆಳೆದಿತ್ತೆಂದರೆ 2008ರ ಆಗಸ್ಟಿನ ಕಾಯಿದೆಯೊಂದು ಬಿಲ್ಲಿನ ದಿನಾಂಕದಿಂದ 60 ದಿನಗಳ ಗರಿಷ್ಠ ಮಿತಿಯನ್ನು ಸಾಮಾನ್ಯ ನಿಯಮವಾಗಿ ವಿಧಿಸಬೇಕಾಯಿತು. ಅಷ್ಟು ದಿನವೂ ಪರರ ಹಣ ದೊಡ್ಡ ಅಂಗಡಿಯ ವ್ಯಾಪಾರದಲ್ಲಿ ದುಡಿಯುತ್ತದೆ. ಉದ್ರಿಯ ದಿಕ್ಕೇ ತಿರುಗಿತು: ಮೊದಲು ಅಂಗಡಿ ಕಾರ್ಮಿಕನಿಗೆ ಸಾಲ ಕೊಡುತ್ತಿತ್ತು, ಈಗ ತಯಾರಕನೂ ರೈತನೂ ಅಂಗಡಿಗೆ ಸಾಲ ಕೊಡುತ್ತಾರೆ. ಕೆಲಸ ಹೋದ ತಿಂಗಳಲ್ಲಿ ಸೆರ್ಜಿಯ ಹೆಂಗಸು ಯಾರ ಬಳಿಯೂ ಬರೆದುಕೊಳ್ಳಿರೆಂದು ಕೇಳುವಂತಿಲ್ಲ. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇಲ್ಲ. ಕಣ್ಣು ಮಾತ್ರ ಮರಳಿ ಬಂದಿದೆ, ಕ್ಯಾಮೆರಾದ ರೂಪದಲ್ಲಿ. ಉದ್ರಿ ಪುಸ್ತಕ ಮರಳಿ ಬಂದಿಲ್ಲ. ಹಳೆಯ ಅಂಗಡಿಯವನ ಕಣ್ಣಿಗೆ ಬಡವನ ಕಷ್ಟ ತಿಳಿದಿತ್ತು. ಈ ಕಣ್ಣಿಗೆ ತಿಳಿಯುವುದು ಅವನ ಕೈ ಎಲ್ಲಿದೆ ಎಂಬುದಷ್ಟೆ.

ಬೆಲೆಯಲ್ಲಿ ಸೇರದ ಲೆಕ್ಕ

ಕೃತಿಯ ಅತ್ಯಂತ ಭಾರವಾದ ಪುಟಗಳು ಅಂಗಡಿಯ ಹೊರಗಿನ ಸುದ್ದಿಯನ್ನು ಕುರಿತವು. 2012ರ ನವೆಂಬರ್ 24ರಂದು ಬಾಂಗ್ಲಾದೇಶದ ಢಾಕಾ ಬಳಿಯ ತಜ್ರೀನ್ ಎಂಬ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬೆಂಕಿ ಬಿದ್ದು ಕನಿಷ್ಠ 112 ಮಂದಿ ಮಡಿದರು. ಐದು ತಿಂಗಳ ಬಳಿಕ, 2013ರ ಏಪ್ರಿಲ್ 24ರಂದು, ಢಾಕಾ ಸಮೀಪದ ಸಾವರಿನಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡ ಕುಸಿದು 1,134 ಮಂದಿ ಸತ್ತರು. ಹಿಂದಿನ ದಿನವೇ ಗೋಡೆಗಳು ಬಿರುಕು ಬಿಟ್ಟಿದ್ದವು. ಕೆಳಗಿನ ಅಂತಸ್ತಿನ ಬ್ಯಾಂಕು ತನ್ನ ನೌಕರರನ್ನು ಮನೆಗೆ ಕಳುಹಿಸಿತು. ಮೇಲಿನ ಅಂತಸ್ತುಗಳ ಹೊಲಿಗೆಯವರಿಗೆ ಮಾತ್ರ ಕೆಲಸಕ್ಕೆ ಬರಲೇಬೇಕೆಂದು ಅಪ್ಪಣೆಯಾಯಿತು. ಅವಶೇಷಗಳಲ್ಲಿ ಸಿಕ್ಕ ಉಡುಪಿನ ಪಟ್ಟಿಗಳಲ್ಲಿ ಓಶಾಂ ಪಟ್ಟಿಯೂ ಇತ್ತೆಂಬುದನ್ನು ಎರ್ನೋ ದಿನಚರಿಯಲ್ಲಿ ದಾಖಲಿಸುತ್ತಾರೆ. ವ್ಯಾಖ್ಯಾನವನ್ನು ಬೆಳೆಸುವುದಿಲ್ಲ. ಮರುದಿನವೂ ಅಂಗಡಿ ತೆರೆದಿರುತ್ತದೆ, ಅಗ್ಗದ ಅಂಗಿಗಳು ತೂಗುತ್ತಿರುತ್ತವೆ.

ನ್ಯಾಯಕ್ಕಾಗಿ ಕಂಪನಿಯ ವಾದವನ್ನೂ ಇಲ್ಲಿ ಹೇಳಬೇಕು. ಆ ಕಟ್ಟಡದಲ್ಲಿ ತಾನು ನೇರವಾಗಿ ಕೆಲಸ ಕೊಟ್ಟಿರಲಿಲ್ಲ, ಪೂರೈಕೆದಾರರ ಮೂಲಕ ತನಗೆ ತಿಳಿಯದೆ ಉಪಗುತ್ತಿಗೆ ಅಲ್ಲಿಗೆ ಹೋಗಿತ್ತು ಎಂಬುದು ಅದರ ನಿಲುವು. ನಿಜವೇ ಇರಬಹುದು. ಆದರೆ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ನಾಲ್ಕು ಕೈ ದಾಟಿ ಬಂದ ಅಂಗಿಯ ಬೆಲೆಯನ್ನು ಇನ್ನೂ ಇಳಿಸಿರೆಂದು ಮೊದಲನೆಯವನು ಒತ್ತಿದರೆ, ಆ ಒತ್ತಡ ಕೊನೆಗೆ ಯಾರ ಮೇಲೆ ಬೀಳುತ್ತದೆಂಬುದು ತಿಳಿಯದ ಮಾತಲ್ಲ. ತಯಾರಕನೂ ಉಪಗುತ್ತಿಗೆದಾರನೂ ತಮ್ಮ ಪಾಲನ್ನು ಬಿಟ್ಟುಕೊಡರು. ಉಳಿದಿರುವುದು ಕೂಲಿ ಮತ್ತು ಕಟ್ಟಡದ ಭದ್ರತೆ. ಬೆಂಗಳೂರಿನ ಪೀಣ್ಯದಲ್ಲಿ, ಮೈಸೂರು ರಸ್ತೆಯಲ್ಲಿ, ವಿದೇಶದ ಅಂಗಡಿಗಳಿಗಾಗಿ ಹೊಲಿಯುವ ಸಾವಿರಾರು ಹೆಣ್ಣುಮಕ್ಕಳು ಇದೇ ಸರಪಳಿಯ ಒಂದು ಕೊಂಡಿ ಎಂಬುದರಿಂದ ಈ ಮಾತು ನಮಗೆ ದೂರದ್ದೂ ಅಲ್ಲ. ಗೃಹಸ್ಥನ ಅಚೌರ್ಯಾಣುವ್ರತದ ಅತಿಚಾರಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಎಣಿಸುವಾಗ ಅಳತೆ ತೂಕದ ಮೋಸದೊಂದಿಗೆ ತದಾಹೃತಾದಾನವನ್ನೂ, ಅಂದರೆ ಕದ್ದು ತಂದುದನ್ನು ಕೊಳ್ಳುವುದನ್ನೂ, ಹೇಳಿರುವುದು ವಾಚಕರಿಗೆ ವಿದಿತವೇ ಇದೆ. ಕದ್ದವನು ಬೇರೆ, ಕೊಂಡವನು ಬೇರೆ. ಆದರೂ ಕೊಂಡವನಿಗೆ ದೋಷ ತಪ್ಪದು. ಸರಕನ್ನಲ್ಲ, ಹೊಲಿಯುವವಳ ಕೂಲಿಯನ್ನೂ ಆಯುಷ್ಯವನ್ನೂ ಕದ್ದು ಬೆಲೆ ಇಳಿಸಿದಾಗ ಈ ಅತಿಚಾರದ ವ್ಯಾಪ್ತಿ ಎಲ್ಲಿಯವರೆಗೆ ಹೋಗುತ್ತದೆಂಬುದನ್ನು ನಮ್ಮ ವಿದ್ವಾಂಸರು ವಿಚಾರ ಮಾಡಬೇಕಾಗಿದೆ.

ಆದರೆ ದೋಷವನ್ನು ಹಂಚುವಾಗ ಒಂದು ವಿವೇಕ ಬೇಕು. ಆ ಅಂಗಿಯನ್ನು ಕೊಳ್ಳುವ ಸೆರ್ಜಿಯ ತಾಯಿಗೆ ಬೇರೆ ಅಂಗಿ ಎಟುಕದು. ಎಟುಕುವ ಶಕ್ತಿಯಿದ್ದೂ ಅಗ್ಗವೆಂದು ಹತ್ತು ಅಂಗಿ ಕೊಂಡು ಏಳನ್ನು ಕಪಾಟಿನಲ್ಲಿ ಕೊಳೆಹಾಕುವವನ ಹೊಣೆ ಬೇರೆ. ಬೆಲೆಯನ್ನು ನಿಗದಿಮಾಡುವ ಶಕ್ತಿಯಿದ್ದವನ ಹೊಣೆ ಎಲ್ಲಕ್ಕಿಂತ ದೊಡ್ಡದು. ಫ್ರಾನ್ಸಿನ ಶಾಸಕಾಂಗ 2017ರ ಫೆಬ್ರವರಿಯಲ್ಲಿ ಅಂಗೀಕರಿಸಿದ ಕಾಯಿದೆಯು ಈ ದಿಕ್ಕಿನಲ್ಲಿಯೇ ಇದೆ. ಆ ದೇಶದಲ್ಲಿ 5,000ಕ್ಕೆ ಅಥವಾ ಜಗತ್ತಿನಾದ್ಯಂತ 10,000ಕ್ಕೆ ಕಡಿಮೆಯಿಲ್ಲದ ನೌಕರರಿರುವ ಫ್ರೆಂಚ್ ಕಂಪನಿಗಳು ತಮ್ಮ ಉಪಗುತ್ತಿಗೆದಾರರಲ್ಲಿಯೂ ಪೂರೈಕೆದಾರರಲ್ಲಿಯೂ ಮನುಷ್ಯರಿಗೂ ಪರಿಸರಕ್ಕೂ ಒದಗಬಹುದಾದ ಅಪಾಯಗಳನ್ನು ಗುರುತಿಸಿ ತಡೆಯುವ ಯೋಜನೆಯನ್ನು ಪ್ರಕಟಿಸಬೇಕು. ತಿಳಿದಿರಲಿಲ್ಲ ಎಂಬ ಉತ್ತರ ಸಾಲದು, ತಿಳಿದುಕೊಳ್ಳುವುದೂ ವ್ಯಾಪಾರಿಯ ಕರ್ತವ್ಯ ಎಂಬುದು ಅದರ ಸಾರ.

ಕೃತಿಯ ಮಿತಿ

ಇಷ್ಟು ಗುಣಗಳಿರುವ ಪುಸ್ತಕದಲ್ಲಿ ಕೊರತೆಯೂ ಇದೆ. ಮೊದಲನೆಯದಾಗಿ, ಲೇಖಕಿ ಗಿರಾಕಿಯ ಜಾಗದಿಂದ ಕದಲುವುದಿಲ್ಲ. ಇದು ತನಿಖೆಯಲ್ಲ, ಕೇವಲ ಕಂಡದ್ದರ ದಾಖಲೆ ಎಂದು ಅವರೇ ಸ್ಪಷ್ಟಪಡಿಸಿದ್ದಾರೆ. ಆ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಆದರೂ ಬೆಲೆ ಹೇಗೆ ಇಳಿಯುತ್ತದೆ, ಉಳಿತಾಯದಲ್ಲಿ ಮಿತವ್ಯಯದ ಪಾಲೆಷ್ಟು, ಪರರ ಹೊಟ್ಟೆಯ ಪಾಲೆಷ್ಟು ಎಂಬ ಪ್ರಶ್ನೆಯನ್ನು ದಿನಸಿ ಅಂಗಡಿಯವನ ಮಗಳು ಕೇಳದಿದ್ದರೆ ಮತ್ತಾರು ಕೇಳಬೇಕು? ಕಡಿಮೆ ಬೆಲೆಯೆಲ್ಲ ಒಂದೇ ಜಾತಿಯದಲ್ಲ. ರಟ್ಟಿನ ಪೆಟ್ಟಿಗೆಯಿಂದಲೇ ಮಾರಿ ಇಳಿಸಿದ ಬೆಲೆ ಒಂದು. ಬಿರುಕು ಬಿಟ್ಟ ಕಟ್ಟಡದಲ್ಲಿ ಹೊಲಿಸಿ ಇಳಿಸಿದ ಬೆಲೆ ಇನ್ನೊಂದು. ಚೀಟಿಯ ಮೇಲೆ ಎರಡೂ ಒಂದೇ ಅಂಕಿಯಾಗಿ ಕಾಣುತ್ತವೆ. ಇವನ್ನು ಬೇರ್ಪಡಿಸಿ ತೋರಿಸದ ಕಾರಣ, ಕೃತಿಯನ್ನು ಓದಿ ಮುಗಿಸಿದವರು ಅಗ್ಗದ ಅಂಗಡಿಯೇ ಪಾಪವೆಂದು ತಪ್ಪಾಗಿ ತಿಳಿಯುವ ಸಂಭವವಿದೆ.

ಮೂರನೆಯ ಬಗೆಯ ಕಡಿಮೆ ಬೆಲೆಯೂ ಒಂದುಂಟು, ಅದು ಕಣ್ಣಿಗೆ ಕಾಣುವ ಮಟ್ಟಿಗೆ ಮಾತ್ರ ಕಡಿಮೆ. ಪೊಟ್ಟಣದ ಬೆಲೆಯನ್ನು ಹಾಗೆಯೇ ಇಟ್ಟು ಒಳಗಿನ ತೂಕವನ್ನು ಸದ್ದಿಲ್ಲದೆ ಇಳಿಸುವುದು. ಇದು ಈ ದಿನಚರಿಯ ಕಾಲದ ಬಳಿಕ ಎಷ್ಟು ಬೆಳೆಯಿತೆಂದರೆ, 2024ರ ಜುಲೈ 1ರಿಂದ ಫ್ರಾನ್ಸಿನಲ್ಲಿ 400 ಚದರ ಮೀಟರಿಗಿಂತ ದೊಡ್ಡದಾದ ಅಂಗಡಿಗಳು ಇಂಥ ಸರಕಿನ ಬಳಿ, ತೂಕ ಇಳಿದಿದೆ, ಪ್ರಮಾಣದ ಲೆಕ್ಕದಲ್ಲಿ ಬೆಲೆ ಏರಿದೆ ಎಂಬ ಸೂಚನೆಯನ್ನು ಎರಡು ತಿಂಗಳ ಕಾಲ ತೂಗುಹಾಕಬೇಕೆಂಬ ನಿಯಮ ಜಾರಿಗೆ ಬಂದಿತು. ಗಿರಾಕಿಯನ್ನು ಎಚ್ಚರಿಸುವ ಫಲಕಗಳ ನಡುವೆ ಅಂಗಡಿಯೇ ತನ್ನ ಸರಕಿನ ಸತ್ಯವನ್ನು ಹೇಳುವ ಫಲಕವೊಂದು ಕಡೆಗೂ ಸೇರಿತು. ಆದರೆ ಅದಕ್ಕೂ ಸರಕಾರದ ಆಜ್ಞೆ ಬೇಕಾಯಿತು.

ಎರಡನೆಯ ಕೊರತೆ ನೌಕರರನ್ನು ಕುರಿತದ್ದು. ಹಣ ಪಡೆಯುವ ಹೆಂಗಸರು ಈ ದಿನಚರಿಯಲ್ಲಿ ಬಂದುಹೋಗುತ್ತಾರೆ, ಆದರೆ ಸರತಿಯಲ್ಲಿ ನಿಂತವರಿಗೆ ಕಂಡಷ್ಟೇ ಕಾಣುತ್ತಾರೆ. ಇದು ಆಶ್ಚರ್ಯಕರ. ಏಕೆಂದರೆ ‘ಲಾ ಪ್ಲಾಸ್’ ಮುಗಿಯುವುದೇ ಇಂಥ ಒಬ್ಬಳ ಚಿತ್ರದಿಂದ. ಸೂಪರ್ ಮಾರ್ಕೆಟ್ಟಿನಲ್ಲಿ ಹಣ ಪಡೆಯುವ ಹುಡುಗಿ ಅಧ್ಯಾಪಕಿಯ ಹಳೆಯ ವಿದ್ಯಾರ್ಥಿನಿ. ಓದು ಮುಂದುವರಿಯಲಿಲ್ಲವೆಂದು ಒಂದು ಮಾತು ಹೇಳಿ, ಒಂದು ಕೈಯಿಂದ ಸರಕನ್ನು ಸರಿಸುತ್ತ ಇನ್ನೊಂದು ಕೈಯಿಂದ ನೋಡದೆಯೇ ಬೆಲೆ ಒತ್ತುತ್ತ ಅವಳು ಮುಂದಿನ ಗಿರಾಕಿಯತ್ತ ತಿರುಗಿಬಿಡುತ್ತಾಳೆ. 1983ರಲ್ಲಿ ಆ ಕೈಗಳನ್ನು ಅಷ್ಟು ಹತ್ತಿರದಿಂದ ಕಂಡ ಲೇಖಕಿ ಮೂವತ್ತು ವರ್ಷಗಳ ತರುವಾಯ, ಅದೇ ಕೈಗಳನ್ನು ಯಂತ್ರ ಕಸಿದುಕೊಳ್ಳುತ್ತಿದ್ದಾಗ, ಆ ಕೈಗಳ ಒಡತಿಯರನ್ನು ಇನ್ನೂ ಹೆಚ್ಚು ಮಾತನಾಡಿಸಬಹುದಿತ್ತು. 2024ರ ನವೆಂಬರಿನಲ್ಲಿ ಓಶಾಂ ಸಂಸ್ಥೆ ಫ್ರಾನ್ಸಿನಲ್ಲಿ 2,389 ಹುದ್ದೆಗಳನ್ನು ಕೈಬಿಡುವ ಯೋಜನೆಯನ್ನು ಪ್ರಕಟಿಸಿತು. ಆ ಸುದ್ದಿಯನ್ನು ಓದಿದ ಮೇಲೆ ಈ ಕೊರತೆ ಇನ್ನಷ್ಟು ಎದ್ದುಕಾಣುತ್ತದೆ.

ಸಮಾರೋಪ

ಈ ಕೃತಿಯಿಂದ ವರ್ತಕ ಸಮಾಜಕ್ಕೆ ದೊರೆಯುವ ಪಾಠ ಅಗ್ಗದ ಅಂಗಡಿ ಬೇಡವೆಂಬುದಲ್ಲ. ಬಡವನಿಗೆ ಕಡಿಮೆ ಬೆಲೆ ಬೇಕು. ಉದ್ರಿ ಪುಸ್ತಕದ ಕಾಲಕ್ಕೆ ಮರಳಬೇಕೆಂದೂ ಅಲ್ಲ. ಆ ಪುಸ್ತಕದಲ್ಲಿ ಬಡವನ ಮಾನವೂ ಒತ್ತೆಯಾಗಿತ್ತು. ಬೆಲೆ ಇಳಿಸಿದಾಗ ಗಿರಾಕಿಯ ಮಾನವನ್ನು ಇಳಿಸಬೇಕಾಗಿಲ್ಲ ಎಂಬುದೇ ಪಾಠ. ರಿಯಾಯಿತಿ ವಿಭಾಗದ ಫಲಕವನ್ನು ತೆಗೆದುಹಾಕಲು ಕಾಸಿನ ಖರ್ಚೂ ಇಲ್ಲ. ತೂಕ ಕಡಿಮೆಯಾದರೆ ತಾನಾಗಿಯೇ ಹೇಳುವುದಕ್ಕೆ ಕಾಯಿದೆಗಾಗಿ ಕಾಯಬೇಕಾಗಿಲ್ಲ. ಅಂಗಿಯನ್ನು ಯಾರು, ಯಾವ ಸೂರಿನಡಿ ಹೊಲಿದರೆಂದು ಕೇಳಿ ತಿಳಿಯುವುದಕ್ಕೆ ಮಾತ್ರ ಖರ್ಚಿದೆ. ಆ ಖರ್ಚನ್ನು ಬೆಲೆಯಲ್ಲಿ ಸೇರಿಸುವುದು ನ್ಯಾಯ.

ನಮ್ಮ ಟ್ರಸ್ಟುಗಳು ಕಡಿಮೆ ದರದಲ್ಲಿ ಧಾನ್ಯವನ್ನೋ ಪಠ್ಯಪುಸ್ತಕವನ್ನೋ ಔಷಧಿಯನ್ನೋ ವಿತರಿಸುವಾಗಲೂ ಇದೇ ಪ್ರಶ್ನೆ ಎದುರಾಗುತ್ತದೆ. ಪಡೆಯಲು ಬಂದವರನ್ನು ಎಲ್ಲಿ ನಿಲ್ಲಿಸುತ್ತೇವೆ, ಅವರಿಂದ ಎಷ್ಟು ಕಾಗದಪತ್ರ ಕೇಳುತ್ತೇವೆ, ಅವರ ಭಾವಚಿತ್ರವನ್ನು ಯಾವ ವರದಿಯಲ್ಲಿ ಅಚ್ಚು ಹಾಕಿಸುತ್ತೇವೆ, ನಮ್ಮ ಬಾಗಿಲಿನ ಫಲಕದಲ್ಲಿ ಏನು ಬರೆದಿದ್ದೇವೆ ಎಂಬುದನ್ನು ವ್ಯವಸ್ಥಾಪಕ ಮಂಡಳಿಗಳು ಒಮ್ಮೆ ನಿಂತು ಓದಿಕೊಳ್ಳಬೇಕು. ನೂರು ಪುಟಗಳ ಆಸುಪಾಸಿನ ಈ ಪುಸ್ತಕವನ್ನು ಇಂಗ್ಲಿಷ್ ಬಲ್ಲ ಯುವಕ ಯುವತಿಯರು ಓದಿ ಮನೆಯ ಹಿರಿಯರಿಗೆ ಕನ್ನಡದಲ್ಲಿ ಹೇಳಿದರೆ ಸಾಕು. ಅಂಗಡಿಯ ಲೆಕ್ಕ ಬಲ್ಲ ಹಿರಿಯರು ಉಳಿದುದನ್ನು ತಾವೇ ಕೂಡಿಸಿಕೊಳ್ಳಬಲ್ಲರು.